ಹಗ್ಗ ದಾಟಿದ ಹುಡುಗಿ

ರಾಯಚೂರು
೨೬ ಜೂನ್ ೨೦೨೪

ಮಾನ್ಯ ಅಧ್ಯಕ್ಷರೇ, ಇನ್ನೂ ದಾರಿಯಲ್ಲಿರುವ ಮುಖ್ಯ ಅತಿಥಿಗಳೇ, ಕೊರಳಿನ ಹಾರ ಬಾಡುವುದನ್ನೇ ಕಾಯುತ್ತಿರುವ ಸನ್ಮಾನಿತರೇ, ಗೋಡೆಗೆ ಒರಗಿ ಆಗಲೇ ತೂಕಡಿಸುತ್ತಿರುವ ಚಿತ್ರರಸಿಕರೇ, ಹಾಗೂ ಮೈಕಿನ ವೈರನ್ನು ತುಳಿದು ನಿಂತಿರುವ ಮಹನೀಯರೇ,

ಇಂದಿನ ಉಪನ್ಯಾಸದ ವಿಷಯ: ‘ಜಪಾನಿನ ಜೀವಘಾತಕ ಆಟದ ಚಿತ್ರವೊಂದರಲ್ಲಿ ಧಾರ್ಮಿಕ ಹಾಗೂ ಸಾಮಾಜಿಕ ಸಂಕೇತಗಳು’. ವಿಷಯದ ಉದ್ದ ಕೇಳಿಯೇ ಅರ್ಧ ಸಭೆ ಎದ್ದು ಹೋದರೆ ಉಪನ್ಯಾಸಕನಿಗೆ ಬೇಸರವಿಲ್ಲ. ಉಳಿದರ್ಧಕ್ಕೆ ಚಹಾ ಸಾಕಾಗುತ್ತದೆ.

ಅಕ್ಕಾ, ಗಾಬರಿಯಾಗಬೇಡ. ನಿನ್ನ ತಮ್ಮ ಹನುಮಂತ್ರಾಯನೇ ಬರೆಯುತ್ತಿರುವುದು. ಸಭೆ ಅಂದರೆ ನೀನೊಬ್ಬಳೇ. ನಮ್ಮ ಪ್ರೆಸ್ಸಿನ ವಾರಪತ್ರಿಕೆಗೆ ಸಿನಿಮಾ ವಿಶೇಷಾಂಕ ತರುತ್ತಾರಂತೆ. ‘ಇಷ್ಟು ವರ್ಷ ಮಂದಿ ತಪ್ಪು ತಿದ್ದಿದಿ, ಈ ಸಲ ನಿನ್ನ ತಪ್ಪು ನೀನೇ ಮಾಡು’ ಎಂದು ಮಾಲೀಕರು ನನಗೆ ನಾಲ್ಕು ಪುಟ ಬಿಟ್ಟಿದ್ದಾರೆ. ಅಚ್ಚಿಗೆ ಹೋಗುವ ಮೊದಲು ನಿನ್ನ ಮೇಲೆ ಪ್ರಯೋಗ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನ್ ಹಿಡಿದರೆ ಗೋಡೆಯಾಚೆ ನಿನ್ನ ಮೈದುನ ತಾಯಪ್ಪನಿಗೂ ಕೇಳುತ್ತದೆ, ಅವನ ಎಮ್ಮೆಗೂ ಕೇಳುತ್ತದೆ. ಆದ್ದರಿಂದ ಕಾಗದ. ದೇವದುರ್ಗದ ಬಸ್ಸಿನ ಕಂಡಕ್ಟರ್ ಮಲಂಗಸಾಬರ ಕೈಯಲ್ಲಿ ಕೊಡುತ್ತೇನೆ. ಅವರು ಗಬ್ಬೂರಿನಲ್ಲಿ ಪೀರಾ ಸಾಬನ ಚಹಾದಂಗಡಿಯಲ್ಲಿ ಇಡುತ್ತಾರೆ. ನಿಮ್ಮೂರು ದೊಡ್ಡಿಯಿಂದ ದಾರ, ಗುಂಡಿ ತರಲು ಬಂದಾಗ ತಗೋ. ಉತ್ತರವೂ ಅದೇ ದಾರಿಯಲ್ಲಿ ಬರಲಿ.

ಚಿತ್ರವನ್ನು ಕೆಳಗಿನ ಮೊಬೈಲ್ ಅಂಗಡಿಯ ಖಲೀಲ ನನ್ನ ಫೋನಿಗೆ ಹಾಕಿಕೊಟ್ಟ. ‘ಹುಷಾರ್ ಸರ್, ಇದನ್ನ ನೋಡಿ ನಮ್ಮ ಮನ್ಯಾಕಿ ಎರಡು ದಿನ ಬಚ್ಚಲಕ್ಕ ಒಬ್ಬಾಕಿ ಹೋಗಿಲ್ಲ’ ಅಂದ. ನಾನು ನಕ್ಕೆ. ಹಾಡುಹಗಲು, ಕರೆಂಟ್ ಹೋಗಿ ಮಷೀನು ನಿಂತಾಗ, ಕಾಗದದ ರೀಮುಗಳ ನಡುವೆ ಕೂತು ನೋಡಿದೆ. ಕೆಳಗೆ ಇಂಗ್ಲಿಷ್ ಸಾಲು ಓಡುತ್ತವೆ. ಕನ್ನಡ ಮಾಧ್ಯಮದ ಪದವೀಧರ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಒಬ್ಬ ಸತ್ತಿರುತ್ತಾನೆ.

ಕಥೆ ಇಷ್ಟು. ಒಂದು ಕಂಪನಿಯ ಜನ ಬೆಟ್ಟದ ಮೇಲಿನ ಹಳೆಯ ಛತ್ರಕ್ಕೆ ವಿಹಾರಕ್ಕೆ ಹೋಗುತ್ತಾರೆ. ಬೆಳಗಾದರೆ ಛತ್ರದ ಸುತ್ತ ಹುಲ್ಲಿನ ಹಗ್ಗ, ಅದಕ್ಕೆ ಬಿಳಿ ಕಾಗದದ ಪಟ್ಟಿ. ಅಲ್ಲಿನವರು ದೇವರ ಜಾಗಕ್ಕೆ ಕಟ್ಟುವ ಹಗ್ಗವಂತೆ ಅದು. ಗಂಟೆ ಬಾರಿಸುತ್ತದೆ. ಮಗುವಿನ ಮುಖವಾಡ ಹಾಕಿದವನೊಬ್ಬ ಬಂದು ಎಲ್ಲರಿಗೂ ಒಂದೊಂದು ಕಾಗದದ ಗೊಂಬೆ ಕೊಡುತ್ತಾನೆ. ಅದರ ಮೇಲೆ ಒಬ್ಬರ ಹೆಸರು ಬರೆಯಬೇಕು. ಯಾರ ಹೆಸರು ಹೆಚ್ಚು ಬರುತ್ತದೋ ಅವರು ಹಗ್ಗದಾಚೆ ಹೋಗಬೇಕು. ಬರೆಯದಿದ್ದರೆ ಎಲ್ಲರೂ ಸಾಯುತ್ತಾರೆ.

ಸಂಕೇತ ಗಮನಿಸು. ಅವರಲ್ಲಿ ಕಾಗದದ ಗೊಂಬೆಯನ್ನು ಮೈಗೆ ಸವರಿ, ಉಸಿರು ಊದಿ, ಹೊಳೆಗೆ ಬಿಡುವ ಪದ್ಧತಿ ಉಂಟಂತೆ. ಮೈಮೇಲಿನ ಪೀಡೆ ಗೊಂಬೆಗೆ ಹೋಗುತ್ತದೆ. ನಾವು ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ನಿವಾಳಿಸಿ ಮೂರು ದಾರಿ ಕೂಡಿದಲ್ಲಿ ಇಡುವುದಿಲ್ಲವೇ, ಹಾಗೆ. ನಿರ್ದೇಶಕ ಮಾಡಿದ ಕುಯುಕ್ತಿ ಏನೆಂದರೆ ಗೊಂಬೆಯ ಬದಲು ಮನುಷ್ಯರನ್ನೇ ಹೊಳೆಗೆ ಬಿಟ್ಟಿದ್ದಾನೆ.

ಹಗ್ಗದ ಒಳಗೆ ಕೂತವರೆಲ್ಲ ಒಬ್ಬರನೊಬ್ಬರು ನೋಡಿ,
ಕೈಯಲಿ ಪೆನ್ನು, ಬಾಯಲಿ ದೇವರು, ಮನಸಿನ ತುಂಬಾ ಚಾಡಿ.

ಪದ್ಯ ನನ್ನದೇ. ಬೈಯುವುದಿದ್ದರೆ ಮರುಟಪಾಲಿನಲ್ಲಿ ಬೈ.

ನಿನ್ನ ತಮ್ಮ
ಹನುಮಂತ್ರಾಯ

ದೊಡ್ಡಿ
೧ ಜುಲೈ ೨೦೨೪

ತಮ್ಮ ಹನುಮಂತ್ರಾಯಗ ಅಕ್ಕನ ಆಶೀರ್ವಾದ.

ನಿನ್ನ ಸಭಾದಾಗ ನಾ ಎದ್ದು ಹೋಗಿಲ್ಲ, ಕುಂತೀನಿ. ಚಹಾ ಎಲ್ಲಿ? ಪೀರಾ ಸಾಬ್ ನಿನ್ನ ಕಾಗದ ಕೊಟ್ಟು ‘ತಮ್ಮಂದು ಬಂದದ, ದಪ್ಪ ಅದ, ಆಸ್ತಿ ಪಾಲೇನಬೇ?’ ಅಂತ ಕೇಳಿದ. ಇಲ್ಲಪಾ, ಸಿನಿಮಾ ಅಂದೆ. ನಂಬಲಿಲ್ಲ.

ಓದಿದೆ. ಎರಡು ಸಲ ಓದಿದೆ. ನನಗ ಒಂದು ಸಂಶಯ. ಆ ಮಂದಿ ಹೆಸರು ಬರಿಯೋವಾಗ ಸಿಟ್ಟಿಲೆ ಬರೀತಾರೋ, ಅಂಜಿ ಬರೀತಾರೋ? ಮತ್ತ ಆ ಗೊಂಬಿ ಎಣಸಾವ ಯಾರು? ಮುಖವಾಡದಾವ ಹೇಳಿದ್ದೇ ಖರೇ ಅಂತ ಎಲ್ಲಾರೂ ಯಾಕ ಒಪ್ಪತಾರ? ನೀ ಬಿ.ಎ. ಓದಿದಾವ, ಹೇಳು.

ಇಲ್ಲಿ ಎಲ್ಲಾ ಬರೋಬರಿ ಅದ. ಹೊಲಿಗಿ ನಡದದ. ಒಂದು ಹೊಸಾ ಚಾಲಿ ಶುರು ಆಗ್ಯಾದ ನೋಡು. ಜಂಪರ್ ಹೊಲಿಸ್ಕೊಂಡು ಹೋಗೋರು ಉಳದ ತುಂಡು ಬಟ್ಟಿನೂ ಕೇಳಾಕತ್ತಾರ. ಬೆರಳಷ್ಟು ಅಗಲದ್ದು ಸೈತ. ನಮ್ಮ ಹಿತ್ತಲ ಮನಿ ಹುಲಗೆಮ್ಮ, ನಿನಗ ಗೊತ್ತಲ್ಲ, ನನ್ನ ಗಂಡ ತೀರಿದಾಗ ಹನ್ನೊಂದು ದಿನ ನನ್ನ ಮಗ್ಗಲಾಗೇ ಮಲಗಿದಾಕಿ, ಮೊನ್ನೆ ಕೈಚೀಲ ತೆರದು ಹಿಡದು ‘ಎಲ್ಲಾ ಹಾಕಬೇ, ಒಂದೂ ಉಳಸಬ್ಯಾಡ’ ಅಂದಳು. ಮಷೀನಿನ ಬುಡಕ ಬಗ್ಗಿ ನೋಡಿದಳು. ದಾರದ ಎಳಿ ಸೈತ ಆರಿಸ್ಕೊಂಡಳು. ‘ಏನಬೇ, ನನ್ನ ಕಸಬರಗಿ ಕೆಲಸಾನೂ ನೀನೇ ಮಾಡ್ತಿ?’ ಅಂತ ನಕ್ಕೆ. ಆಕಿ ನಗಲಿಲ್ಲ.

ಮಳಿ ಬಿದ್ದದ, ಹತ್ತಿ ಊರ್‍ಯಾರ. ನಿನಗ ಕೆಮ್ಮು ಹ್ಯಾಂಗದ?

ಅಕ್ಕ
ಬಸವಂತಮ್ಮ

ರಾಯಚೂರು
೫ ಜುಲೈ ೨೦೨೪

ಪ್ರಶ್ನೋತ್ತರ ಅವಧಿಯನ್ನು ಉಪನ್ಯಾಸದ ನಡುವೆಯೇ ಆರಂಭಿಸಿದ ಏಕೈಕ ಸಭಿಕಳಿಗೆ ವಂದನೆಗಳು.

ಮೊದಲು ನಿನ್ನ ತುಂಡು ಬಟ್ಟೆಯ ಸಮಸ್ಯೆ. ಇದಕ್ಕೆ ಜಪಾನಿಗೆ ಹೋಗಬೇಕಾಗಿಲ್ಲ. ಮಳೆಗಾಲ ಬಂತು, ದೊಡ್ಡಿಯ ಹೆಂಗಸರಿಗೆ ಕೌದಿ ಹೊಲಿಯುವ ಹುಚ್ಚು ಹಿಡಿದಿದೆ. ನೀನು ತುಂಡುಗಳನ್ನು ದಿಂಬಿಗೆ ತುಂಬುತ್ತೀ ಎಂದು ಹುಲಗೆಮ್ಮನಿಗೆ ಹೊಟ್ಟೆಕಿಚ್ಚು. ಕೊಟ್ಟು ಬಿಡು.

ಚೂರು ಬಟ್ಟಿ ಚೂರು ದಾರ ಕೂಡಿದರೊಂದು ಕೌದಿ,
ಊರ ಮಂದಿ ಹೊದ್ದು ಮಲಗಲಿ, ನಿನಗ್ಯಾಕಕ್ಕಾ ವ್ಯಾಧಿ?

ಇನ್ನು ಚಿತ್ರ. ಅವರು ಅಂಜಿಯೇ ಬರೆಯುತ್ತಾರೆ. ಸಿಟ್ಟಿನಿಂದ ಬರೆಯುವವನು ಒಬ್ಬನೂ ಇಲ್ಲ, ಅದೇ ಅದರಲ್ಲಿನ ಭಯಾನಕ ಸಂಗತಿ. ಬರೆದು ಕೈ ಮುಗಿಯುತ್ತಾರೆ, ‘ತಪ್ಪು ತಿಳಿಯಬೇಡಿ’ ಎಂದು ಬಗ್ಗಿ ನಮಸ್ಕರಿಸುತ್ತಾರೆ. ಆಮೇಲೆ ಕಳಿಸುತ್ತಾರೆ.

ನಾನು ಬರೆದುಕೊಂಡ ಸಾಮಾಜಿಕ ಸಂಕೇತ ಇದು. ಮೊದಲ ಗಂಟೆಗೆ ಹೆಸರು ಬಂದದ್ದು ಚಹಾ ಕೊಡುವ ಮುದುಕನದು. ಎರಡನೆಯದಕ್ಕೆ ದಿನಗೂಲಿಯವನದು. ಮೂರನೆಯದಕ್ಕೆ ಗಂಡ ಬಿಟ್ಟ ಹೆಣ್ಣುಮಗಳದು. ಮ್ಯಾನೇಜರನ ಹೆಸರನ್ನು ಯಾರೂ ಬರೆಯುವುದಿಲ್ಲ. ಜೀವ ಹೋಗುವಾಗಲೂ ಅವರಿಗೆ ನೌಕರಿ ನೆನಪಿದೆ. ಎಣಿಸುವುದು ಮುಖವಾಡದವನೇ. ಒಪ್ಪುವುದು ಯಾಕೆಂದರೆ, ಒಪ್ಪದವನ ಹೆಸರು ಮುಂದಿನ ಗಂಟೆಗೆ ಬರುತ್ತದೆ.

ಇನ್ನೊಂದು ಸಂಕೇತ ಹೇಳಲೋ ಬೇಡವೋ. ಹಗ್ಗದಾಚೆ ಹೋದವರು ಮರಳಿ ಬರುವುದಿಲ್ಲ. ಅವರ ಚಪ್ಪಲಿ ಮಾತ್ರ ಬೆಳಗ್ಗೆ ಬಾಗಿಲ ಮುಂದೆ ಇರುತ್ತವೆ. ಒರೆಸಿ, ಜೋಡಿಸಿ, ಹೊರಗೆ ಮುಖ ಮಾಡಿ ಇಟ್ಟಿರುತ್ತಾರೆ, ಅತಿಥಿ ಈಗ ಹೊರಡುವವರಿದ್ದಾರೆ ಎಂಬಂತೆ. ಅಂದಿನಿಂದ ನನ್ನ ಚಪ್ಪಲಿಯನ್ನು ನಾನು ಅಡ್ಡಾದಿಡ್ಡಿಯಾಗಿ ಬಿಡುತ್ತೇನೆ. ಪಕ್ಕದ ಕೋಣೆಯವರು ಶಿಸ್ತು ಕೆಟ್ಟಿತು ಅನ್ನುತ್ತಾರೆ. ಅನ್ನಲಿ.

ನಾಲ್ಕನೆಯ ಗಂಟೆಗೆ ಕನ್ನಡಕದ ಹುಡುಗಿಯೊಬ್ಬಳ ಸರದಿ. ಯಾರ ತಂಟೆಗೂ ಹೋಗದವಳು. ಗೊಂಬೆ ತಿರುವಿದರೆ ಎಲ್ಲದರ ಮೇಲೂ ಅವಳದೇ ಹೆಸರು. ಅವಳ ಗೆಳತಿ ಬರೆದ ಗೊಂಬೆಯ ಮೇಲೂ. ಮುಂದಿನದು ಈಗಲೇ ಹೇಳಿದರೆ ರಸಭಂಗ.

ಕೆಮ್ಮು ಕಡಿಮೆ.

ಹನುಮಂತ್ರಾಯ

ದೊಡ್ಡಿ
೧೧ ಜುಲೈ ೨೦೨೪

ತಮ್ಮಗ ಆಶೀರ್ವಾದ.

ಕೌದಿ ಅಲ್ಲಪಾ. ನೀ ಪ್ರೆಸ್ಸಿನಾಗ ಕುಂತಾವ, ನಿನಗ ಎಲ್ಲಾ ಕೌದಿನೇ ಕಾಣತದ.

ಹುಲಗೆಮ್ಮನ ಸೊಸಿ ಮೂರು ಸಂಜಿಯಾತಂದ್ರ ನಾಯಿಯಂಗ ಬೊಗಳಾಕತ್ಯಾಳ. ಎಳೇ ಬಾಣಂತಿ, ಹತ್ತೊಂಬತ್ತು ಆಗ್ಯಾವೋ ಇಲ್ಲೋ. ಮೊದಲನೇ ಸಲ ಕೇಳಿದಾಗ ನಾಯೀನೇ ಅಂತ ಕಲ್ಲು ತಗೊಂಡು ಹೊರಗ ಬಂದೆ. ನೋಡಿದ್ರ ಆಕಿ, ಕಂಬ ಹಿಡದು, ಕಣ್ಣು ಮ್ಯಾಲ ಮಾಡಿ. ಕಲ್ಲು ಅಲ್ಲೇ ಬಿಟ್ಟು ಒಳಗ ಬಂದೆ. ಮರುದಿನ ಮತ್ತೊಂದು ಮನ್ಯಾಗ ಹಗ್ಗದ ಮ್ಯಾಲ ಒಣ ಹಾಕಿದ ಬಟ್ಟಿಗೆ ಬೆಂಕಿ ಹತ್ತಿತ್ತಂತ. ಸುಟ್ಟಿದ್ದು ನಾ ಹೊಲದ ಜಂಪರ್. ಹೆಂಚಿನ ಮ್ಯಾಲ ಕಲ್ಲು ಬೀಳತಾವಂತ. ಯಾರೋ ಮಾಟ ಮಾಡ್ಯಾರ, ಬಾನಾಮತಿ ಅಂತ ಊರೆಲ್ಲ ಪಿಸುಪಿಸು.

ತುಂಡು ಬಟ್ಟಿ ಯಾಕ ಕೇಳಿದ್ರು ಅಂತ ಈಗ ತಿಳೀತು. ಬಾನಾಮತಿ ಮಾಡಾಕ ಮೈಗೆ ತಾಗಿದ ಬಟ್ಟಿ ಬೇಕಂತ, ಇಲ್ಲಾ ಕೂದಲು ಬೇಕಂತ. ಊರಿನ ಹೆಂಗಸರ ಬಟ್ಟಿ ತುಂಡು ಯಾರ ಮನ್ಯಾಗ ಅದಾವ ಹೇಳು? ಎಲ್ಲಾರ ಎದಿ ಅಳತಿ, ತೋಳಿನ ಅಳತಿ ಯಾರ ತಲ್ಯಾಗ ಅದಾವ? ಯಾರ ಹೆಸರೂ ಇನ್ನಾ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಾ ಬಾವಿಗೆ ಹೋದ್ರ ಹಗ್ಗ ಬಿಟ್ಟು ಸರದು ನಿಲ್ಲತಾರ, ಅಷ್ಟ.

ನೀ ಅಂಜಬ್ಯಾಡ. ನಾ ಅಂಜಿಲ್ಲ. ಒಂದು ಮಾತು ಕೇಳತೀನಿ. ಮಾನ್ವ್ಯಾಗ ಸಣ್ಣದೊಂದು ಖೋಲಿ ಸಿಗತದೇನು, ಮಷೀನು ಇಡಾಕ? ಚಿಗವ್ವನ ಮನಿ ಕಡೆ ಕೇಳಿದಂಗ ಮಾಡಿ ನೋಡು. ಸುಮ್ನ ಕೇಳಿದೆ.

ಮತ್ತ ರಸಭಂಗ ಆದ್ರೂ ಆಗಲಿ, ಆ ಕನ್ನಡಕದ ಹುಡುಗಿ ಏನು ಮಾಡಿದಳು ಅಂತ ಬರಿ. ಹ್ಯಾಂಗ ಪಾರಾದಳು? ಎಲ್ಲಾ ಗೊಂಬಿ ಮ್ಯಾಲ ಹೆಸರು ಬಂದಾಕಿ ಏನು ಮಾಡಬೇಕು?

ಬಸವಂತಮ್ಮ

ರಾಯಚೂರು
೧೪ ಜುಲೈ ೨೦೨೪

ಅಕ್ಕಾ,

ನಿನ್ನ ಕಾಗದ ಓದಿ ಪ್ರೂಫ್ ನೋಡಲು ಕೂತೆ. ‘ಸಂಸ್ಕೃತಿ’ಯಲ್ಲಿ ತಪ್ಪು ಬಿಟ್ಟು ಮಾಲೀಕರಿಂದ ಬೈಸಿಕೊಂಡೆ. ಆಮೇಲೆ ಯೋಚಿಸಿದೆ: ಇದು ಯಾವ ಕಾಲ? ಹುಲಗೆಮ್ಮನ ಸೊಸೆ ಎಳೆ ಬಾಣಂತಿ, ನಿದ್ದೆ ಇಲ್ಲ, ಊಟ ಇಲ್ಲ, ಅತ್ತೆಯ ಬಾಯಿ. ಅವಳಿಗೆ ಆಸ್ಪತ್ರೆ ಬೇಕು. ಬಟ್ಟೆಗೆ ಬೆಂಕಿ ಹಚ್ಚಿದವನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇರುತ್ತದೆ. ಇದಕ್ಕೆಲ್ಲ ಈಗ ಕಾನೂನು ಕೂಡ ಇದೆ. ಊರಿನ ಪಿಸುಮಾತು ಆಷಾಢದ ಗಾಳಿ, ಶ್ರಾವಣಕ್ಕೆ ನಿಲ್ಲುತ್ತದೆ.

ಮಾನ್ವಿಯ ಮಾತು ಬೇಡ. ಅಲ್ಲಿ ಸಂದಿಗೊಬ್ಬ ಟೇಲರ್ ಇದ್ದಾನೆ, ಯಾರ ಕತ್ತರಿಗೂ ಕೆಲಸವಿಲ್ಲ. ಇದ್ದ ಗಿರಾಕಿ ಬಿಟ್ಟು ಯಾಕೆ ಹೋಗುತ್ತೀ?

ಈಗ ನಿನ್ನ ಪ್ರಶ್ನೆ. ಸಭಿಕರೇ, ಗಮನವಿಟ್ಟು ಕೇಳಿ.

ಕನ್ನಡಕದ ಹುಡುಗಿ ಗಂಟೆ ಬಾರಿಸುವ ಮೊದಲೇ ಎದ್ದಳು. ತನ್ನ ಹೆಸರಿನ ಗೊಂಬೆಗಳನ್ನೆಲ್ಲ ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಂಡಳು. ಸೆರಗು ಅಂದೆನೇ? ಕೋಟಿನ ಕಿಸೆಗೆ. ಅಳಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ಓಡಲೂ ಇಲ್ಲ. ಓಡಿದ್ದರೆ ಅವರು ಬರೆದದ್ದು ನಿಜವಾಗುತ್ತಿತ್ತು. ನೆಟ್ಟಗೆ ನಡೆದು ಹೋಗಿ, ಹಗ್ಗವನ್ನು ಕೈಯಿಂದ ಎತ್ತಿ, ಆಚೆ ಹೆಜ್ಜೆ ಇಟ್ಟಳು. ಏನೂ ಆಗಲಿಲ್ಲ. ಗಾಳಿ ಬೀಸಿತು, ಅಷ್ಟೇ. ತಿರುಗಿ ಬಂದು ಎಲ್ಲರ ಮುಂದೆ ನಿಂತಳು. ಮುಖವಾಡದವನು ಮುಖವಾಡ ತೆಗೆದಿಟ್ಟು ಹೋದ. ಆಟ ಮುಗಿಯಿತು.

ಇದರ ಧಾರ್ಮಿಕ ಅರ್ಥ: ಹಗ್ಗದಲ್ಲಿ ದೇವರೂ ಇರಲಿಲ್ಲ, ದೆವ್ವವೂ ಇರಲಿಲ್ಲ. ಸಾಮಾಜಿಕ ಅರ್ಥವನ್ನು ಪ್ರಾಸದಲ್ಲಿ ಹೇಳಿದರೆ ನಿನಗೆ ಬಾಯಿಗೆ ಸುಲಭ:

ಅಂಜಿ ಓಡಿದ್ರ ಅವರದಾಟ,
ನೆಟ್ಟಗ ನಡೆದ್ರ ನಿನ್ನ ಊಟ.

ಧೈರ್ಯವಾಗಿರು.

ಹನುಮಂತ್ರಾಯ

ದೊಡ್ಡಿ
೨೦ ಜುಲೈ ೨೦೨೪

ತಮ್ಮಗ,

ನಿನ್ನ ಕಾಗದ ಬಂತು. ಚಲೋ ಆತು ಬರದಿ. ನಿನ್ನ ಪ್ರಾಸ ಮಷೀನು ತುಳಕೋತ ಹೇಳಿಕೊಂತೀನಿ. ಹೊಲ್ಯಾಕ ಬಟ್ಟಿ ಇಲ್ಲ, ಯಾರೂ ಕೊಡವಲ್ರು. ಬರೇ ಮಷೀನು ತುಳೀತೀನಿ, ಸಪ್ಪಳ ಆಗಲಿ ಅಂತ.

ಫೋನ್ ಹಚ್ಚಬ್ಯಾಡ. ತಾಯಪ್ಪ ‘ರಿಪೇರಿ ಮಾಡಸ್ತೀನಿ ವೈನಿ’ ಅಂತ ತಗೊಂಡು ಹೋಗ್ಯಾನ. ಅದು ಕೆಟ್ಟಿದ್ದಿಲ್ಲ.

ಒಂದು ಬರಿ. ಆ ಹುಡುಗಿ ಹಗ್ಗ ದಾಟುವಾಗ ಕಾಲಾಗ ಚಪ್ಪಲಿ ಇದ್ದವೋ, ಬರಿಗಾಲೋ? ಆಚೆ ಎಷ್ಟು ದೂರ ಹೋಗಿದ್ದಳು? ಹಿಂದ ತಿರುಗಿ ನೋಡಿದಳೇನು?

ಬಸವಂತಮ್ಮ

ರಾಯಚೂರು
೨೪ ಜುಲೈ ೨೦೨೪

ಅಕ್ಕಾ,

ಇದೇನು ಪ್ರಶ್ನೆ? ಬರಿಗಾಲು ಅಂತ ನನ್ನ ನೆನಪು. ಹಿಂದೆ ನೋಡಲಿಲ್ಲ. ದೂರ ಅಂದರೆ ಸ್ವಲ್ಪ ದೂರ. ಚಿತ್ರದಲ್ಲಿ ಮಂಜು ಇರುತ್ತದೆ, ಸರಿಯಾಗಿ ಕಾಣುವುದಿಲ್ಲ.

ನಿನ್ನ ಫೋನಿಗೆ ಹಚ್ಚಿ ಹಚ್ಚಿ ಸಾಕಾಯಿತು. ಪ್ರತಿ ಸಲ ಅದೇ ಹೆಣ್ಣುದನಿ, ಸ್ವಿಚ್ ಆಫ್ ಅಂತ ಮೂರು ಭಾಷೆಯಲ್ಲಿ ಹೇಳುತ್ತಾಳೆ. ಮೂರರಲ್ಲೂ ಒಂದೇ ಅರ್ಥ. ನಿನ್ನೆ ತಾಯಪ್ಪನ ಫೋನಿಗೆ ಹಚ್ಚಿದೆ. ‘ವೈನಿ ಅರಾಮ್ ಅದಾರ, ಹೊಲಕ್ಕ ಹೋಗ್ಯಾರ’ ಅಂದ. ಆಷಾಢದ ಮಂಗಳವಾರ ನಿಮ್ಮಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲವಲ್ಲ? ಫೋನಿಟ್ಟ ಮೇಲೆ ಹೊಳೆಯಿತು.

ಅಕ್ಕಾ, ಯಾಕೆ ಇದನ್ನೆಲ್ಲ ಕೇಳುತ್ತಿದ್ದೀ? ಲೇಖನ ಮುಗಿದಿದೆ, ಪುಟ ಕಟ್ಟುತ್ತಿದ್ದಾರೆ. ವಿಶೇಷಾಂಕ ಹೊರಬಿದ್ದ ಕೂಡಲೇ ಬರುತ್ತೇನೆ, ಶ್ರಾವಣದ ಮೊದಲ ವಾರ. ಅಷ್ಟರಲ್ಲಿ ಏನಾದರೂ ಇದ್ದರೆ ಪೀರಾ ಸಾಬನ ಅಂಗಡಿಯಿಂದ ಒಂದು ಫೋನ್ ಮಾಡು. ಒಂದು ಪ್ರಾಸ ಕಟ್ಟಲು ನೋಡಿದೆ, ಕೂಡಲಿಲ್ಲ.

ಹನುಮಂತ್ರಾಯ

ದೊಡ್ಡಿ
೨೮ ಜುಲೈ ೨೦೨೪

ತಮ್ಮ ಹನುಮಂತ್ರಾಯಗ,

ಎಲ್ಲಾ ಬರದು ಬಿಡತೀನಿ.

ಹೆಸರು ಹೇಳ್ಯಾರ. ನನ್ನದೇ. ಶುಕ್ರವಾರ ದುರುಗಮ್ಮನ ಕಟ್ಟಿಗೆ ಕರಸಿದ್ರು. ಹುಲಗೆಮ್ಮನ ಸೊಸಿಗೆ ಬೇವಿನ ತೊಪ್ಪಲಿಲೆ ಹೊಡದು ‘ಯಾರವ ನೀನು, ಯಾರು ಕಳಿಸ್ಯಾರ?’ ಅಂತ ಕೇಳಿದ್ರು. ಆ ಕೂಸು ಹೊಡೆತ ತಾಳಲಾರದ ಯಾರ್‍ಯಾರದೋ ಹೆಸರು ಹೇಳ್ತು. ಅವರವರ ಮನಿ ಮಂದಿ ಎದ್ದು ಬಾಯಿ ಮಾಡಿದ್ರು, ಆ ಹೆಸರು ಬಿಟ್ರು. ಕಡೀಕ ನನ್ನ ಹೆಸರು ಹೇಳ್ತು. ನನ್ನ ಕಡಿಂದ ಯಾರೂ ಏಳಲಿಲ್ಲ. ತಾಯಪ್ಪ ನೆಲ ನೋಡಿದ. ಹುಲಗೆಮ್ಮ ಅಳಾಕತ್ತಿದ್ದಳು. ಅತ್ತಗೋತನೇ ‘ಹೌದು, ಈಕೀನೇ’ ಅಂದಳು. ನೀ ಬರದಿದ್ದಿ ನೋಡು, ಸಿಟ್ಟು ಯಾರಿಗೂ ಇರಂಗಿಲ್ಲ ಅಂತ. ಖರೇ. ಯಾರ ಕಣ್ಣಾಗೂ ಸಿಟ್ಟಿದ್ದಿಲ್ಲ.

ಬರೋ ಮಂಗಳವಾರ ಊರು ಹೊರಬೀಡು ಹೋಗತದ. ಸಣ್ಣವರಿದ್ದಾಗ ಹಿರೇಕೊಟ್ನೆಕಲ್ಲಿನಾಗ ನಾವೂ ಹೋಗತಿದ್ವಲ್ಲ, ಮನಿಗೆಲ್ಲ ಕೀಲಿ ಹಾಕಿ, ಊರ ಹೊರಗ ಒಲಿ ಹೂಡಿ ಉಂಡು, ಸಂಜೀಕ ಬರೋದು, ಪೀಡಾ ಹೋಗಲಿ ಅಂತ. ಈ ಸಲ ಎಲ್ಲಾರ ಮನಿ ನಿವಾಳಿ ಒಂದು ಬುಟ್ಟ್ಯಾಗ ಹಾಕಿ ನನ್ನ ತಲಿ ಮ್ಯಾಲ ಹೊರಸ್ತಾರಂತ. ಹೊತ್ತು ಮುಳುಗುವಾಗ ನಾ ಒಬ್ಬಾಕಿನೇ ಅದನ್ನ ಸೀಮಿ ದಾಟಿಸಿ ಬರಬೇಕು. ಏನೂ ಆಗದ ತಿರುಗಿ ಬಂದ್ರ ನಾ ಶುದ್ಧ ಅಂತ. ಸೀಮ್ಯಾಗ ಒಬ್ಬಾವ ಕುಂತಿರತಾನಂತ, ಹೊರಗಿನಾವ, ಮಂತ್ರ ಕಟ್ಟಾವ. ಮಾಟ ಮಾಡಾಕಿ ಹಲ್ಲು ಕಿತ್ತಿದ್ರ ಆಕಿಗೆ ಮಂತ್ರ ಹೇಳಾಕ ಬರಂಗಿಲ್ಲಂತ. ಆತ ಇಕ್ಕಳ ತರತಾನ ಅಂತ ಹುಡುಗರು ಆಡಿಕೊಳ್ಳಾಕತ್ತಿದ್ರು. ಖರೇನೋ ಸುಳ್ಳೋ.

ನಾಲಿಗಿಲೆ ಹಲ್ಲು ಮುಟ್ಟಿ ಮುಟ್ಟಿ ನೋಡಕೊಂತೀನಿ. ಎಲ್ಲಾ ಅದಾವ. ಅಂಜಿಕಿ ಆಗ್ಯಾದ, ಸೂಜ್ಯಾಗ ದಾರ ಹೋಗವಲ್ದು. ಇದನ್ನ ನಿನ್ನ ಲೇಖನದಾಗ ಹಾಕಬ್ಯಾಡ ಮತ್ತ.

ಇವತ್ತು ಈ ಕಾಗದ ಕೊಡಾಕ ಗಬ್ಬೂರಿಗೆ ಬಂದೀನಿ. ತಾಯಪ್ಪ ದೂರದಾಗ ನಿಂತು ನೋಡಾಕತ್ತಾನ, ಫೋನ್ ಹಿಡದ್ರ ಬಿಡಂಗಿಲ್ಲ. ಮಲಂಗಸಾಬ್ರು ನನ್ನ ಮುಖ ನೋಡಿ ಎಲ್ಲಾ ಕೇಳಿ, ‘ಬೆಹನ್, ಬಸ್ ಹತ್ತರಿ. ರಾಯಚೂರಿಗೆ ನಿಮ್ಮ ತಮ್ಮನ ಮನಿ ಮುಟ್ಟಸ್ತೀನಿ. ಯಾವಾವ ಬಂದು ಇಳಿಸ್ತಾನ ನೋಡೇಬಿಡೂಣು’ ಅಂದ್ರು. ಬಸ್ಸಿನ ಪಾವಟಗಿ ಮ್ಯಾಲ ಕಾಲು ಇಟ್ಟಿದ್ದೆ, ಖರೇ ಹೇಳತೀನಿ. ಆಮ್ಯಾಲ ನೀ ಬರದದ್ದು ನೆನಪಾತು. ಓಡಿದ್ರ ಅವರು ಹೇಳಿದ್ದು ಖರೇ ಆಗತದ. ಆ ಹುಡುಗಿ ಓಡಲಿಲ್ಲ. ಕಾಲು ತಕ್ಕೊಂಡೆ. ಬಸ್ಸು ಹೋಗೂದ್ರಾಗ ಅದ, ಮುಗಸ್ತೀನಿ.

ಎಲ್ಲಾ ನಿವಾಳಿ ನಾನೇ ಹೊರತೀನಿ. ಬರಿಗಾಲಿಲೆ, ನೆಟ್ಟಗ, ಹಿಂದ ನೋಡಲಾರದ. ದಾಟಿ ತಿರುಗಿ ಬಂದು ಹುಲಗೆಮ್ಮನ ಮುಂದ ನಿಲ್ಲತೀನಿ. ನೀ ಹೇಳಿದ್ದಿಲ್ಲಂದ್ರ ನನಗ ಈ ದಾರಿ ಕಾಣತಿದ್ದಿಲ್ಲ. ಸಿನಿಮಾದಾಗಾದ್ರೂ ಒಬ್ಬಾಕಿ ದಾಟ್ಯಾಳಲ್ಲ, ಅದೇ ನನಗ ಧೈರ್ಯ.

ನಿನ್ನ ಅಕ್ಕ
ಬಸವಂತಮ್ಮ

ಗಬ್ಬೂರು
೩೦ ಜುಲೈ ೨೦೨೪, ಮಂಗಳವಾರ

ಅಕ್ಕಾ,

ಬುಟ್ಟಿ ಹೊರಬ್ಯಾಡ. ಮೊದಲು ಇದನ್ನ ಓದು, ಬುಟ್ಟಿ ಹೊರಬ್ಯಾಡ.

ರವಿವಾರ ಪ್ರೆಸ್ ಬಂದ್ ಇತ್ತು, ಮಲಂಗಸಾಬರಿಗೆ ನಿನ್ನೆ ರಜೆ ಇತ್ತಂತ. ನಿನ್ನ ಕಾಗದ ಇವತ್ತು ಮಧ್ಯಾಹ್ನ ನನ್ನ ಕೈಗೆ ಬಂತು. ಪ್ರೆಸ್ಸಿಗೆ ತಾವೇ ಓಡಿ ಬಂದು ಕೊಟ್ರು. ‘ಏನ್ ಬರದಿದ್ರಿ ನೀವು ಆಕಿಗೆ? ಕಾಲು ಎತ್ತಿಟ್ಟಾಕಿ ಇಳದು ಬಿಟ್ಳು!’ ಅಂತ ಬೈದ್ರು. ಓದಿದ ಕೂಡಲೇ ಅವರ ಬಸ್ಸಿಗೇ ಹತ್ತಿ ಬಂದೀನಿ. ಈಗ ಪೀರಾ ಸಾಬನ ಅಂಗಡಿ ಬೆಂಚಿನ ಮ್ಯಾಲ ಕುಂತು ಬರೀತೀನಿ. ಪೊಲೀಸರಿಗೆ ಹೇಳೀನಿ, ಜೀಪು ಬರಾಕತ್ತದ. ದೊಡ್ಡಿಗೆ ಹೋಗೋ ದಾರಿಗೆ ಮುಳ್ಳು ಬಡದಾರಂತ, ಹೊರಗಿನವರನ್ನ ಬಿಡಂಗಿಲ್ಲಂತ. ಪೀರಾ ಸಾಬಗ ಹೊಲದಾಗಿನ ದಾರಿ ಗೊತ್ತದ. ಗಾಡಿ ಚಾಲೂ ಮಾಡಿ ನಿಂತಾನ. ‘ಬರ್‍ರಿ ಸರ್, ಹಿಂದ ಕೂಡ್ರಿ, ಜೀಪು ಬರೋತನಕ ಯಾಕ ಕಾಯ್ತೀರಿ’ ಅಂದ. ಎದ್ದು ನಿಂತೆ. ಮತ್ತ ಬೆಂಚಿನ ಮ್ಯಾಲ ಕುಂತುಬಿಟ್ಟೆ ಅಕ್ಕಾ. ಜೀಪಿನ ಜೋಡಿ ಬರತೀನಿ ಅಂದೆ. ಆತ ನನ್ನ ಮುಖ ನೋಡಿದ. ಚೀಟಿ ಬರದು ಕೊಡ್ರಿ, ಅದಾದ್ರೂ ಒಯ್ತೀನಿ ಅಂದ.

ಆತನ ಗಾಡಿ ಹತ್ತು. ಓಡಿ ಬಾ. ಮಂದಿ ಏನಾದ್ರೂ ಅನ್ನಲಿ, ಖರೇ ಅನ್ನಲಿ, ಮಾಟಗಾತಿ ಅನ್ನಲಿ. ಜಂಪರ್ ಹರೀಲಿ, ಚಪ್ಪಲಿ ಹೋಗಲಿ, ಬಿದ್ದು ಎದ್ದು ಓಡಿ ಬಾ. ಹೊತ್ತು ಇಳ್ಯಾಕತ್ತದ.

ಹೆಚ್ಚು ಬರ್‍ಯಾಕ ವ್ಯಾಳೆ ಇಲ್ಲ. ಇದೊಂದು ನಿನ್ನ ಎದುರಿಗೆ ನಿಂತು ಹೇಳಾಕ ನನ್ನಿಂದ ಆಗಂಗಿಲ್ಲ, ಮತ್ತೊಂದು ಪ್ರಾಸ ಕಟ್ಟಿ ತಪ್ಪಿಸ್ಕೊಂಡು ಬಿಡತೀನಿ. ಆ ಹುಡುಗಿ ಎದ್ದದ್ದು, ನೆಟ್ಟಗ ನಡದದ್ದು, ದಾಟಿ ತಿರುಗಿ ಬಂದದ್ದು ಎಲ್ಲಾ ನಾ ಪ್ರೆಸ್ಸಿನಾಗ ಕುಂತು ಹುಟ್ಟಿಸಿದ್ದು. ನಾ ಸಿನಿಮಾ ಪೂರಾ ನೋಡಿಲ್ಲ. ಎಲ್ಲಾ ಗೊಂಬಿ ಮ್ಯಾಲ ಆಕಿ ಹೆಸರು ಕಂಡ ಕೂಡಲೇ ಅಂಜಿ ಬಂದ್ ಮಾಡಿದೆ. ಆಮ್ಯಾಲ ತೆಗೆಯೋ ಧೈರ್ಯ ಆಗಲಿಲ್ಲ. ಆಕಿ ಏನಾದಳು ಅಂತ ನನಗ ಗೊತ್ತಿಲ್ಲ ಅಕ್ಕಾ.